ಬೆಡ್ ಖಾಲಿಯಾದ ಮೇಲಿನ ಅರ್ಧ ಗಂಟೆ

ಐಸಿಯುನಲ್ಲಿ ಒಬ್ಬ ರೋಗಿ ವಾರ್ಡಿಗೆ ಹೋಗಿ ಮುಂದಿನವರು ಬರುವಷ್ಟರಲ್ಲಿ ಸಿಗುವುದು ಬಹಳವೆಂದರೆ ಅರ್ಧ ಗಂಟೆ. ಅವತ್ತೂ ಅಷ್ಟೇ. ಹೌಸ್‌ಕೀಪಿಂಗ್‌ನವರು ಒರೆಸಿ ಮುಗಿಸಿದ್ದರು, ಬೆಡ್‌ಶೀಟ್ ಹಾಸುವುದು ಬಾಕಿ ಇತ್ತು. ನೋಡುವುದಕ್ಕೆ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಲು, ಸ್ಯಾಂಪಲ್ ಕಳಿಸಿದರೆ ಉತ್ತರ ಬರಲು ಎರಡು ದಿನ ಬೇಕು. ಅಷ್ಟರಲ್ಲಿ ಅದೇ ಬೆಡ್ಡಿನಲ್ಲಿ ಇನ್ನೊಬ್ಬರು ಮಲಗಿರುತ್ತಾರೆ. ಒರೆಸಿದ ಜಾಗದಲ್ಲಿ ಕೊಳೆ ಉಳಿದಿದೆಯೇ ಎಂದು ಅಲ್ಲೇ ಅಳೆಯುವ ಎಟಿಪಿ ಮೀಟರ್ ಕೈಗೆತ್ತಿಕೊಳ್ಳುವುದು ಇದಕ್ಕಾಗಿಯೇ.

ಜೀವಕೋಶ ಯಾವುದೇ ಆಗಿರಲಿ, ಅದರಲ್ಲಿ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಇರುತ್ತದೆ. ಮಿಂಚುಹುಳದ ಬೆಳಕಿಗೆ ಕಾರಣವಾದ ಲೂಸಿಫೆರಿನ್ ಎಂಬ ವಸ್ತು ಮತ್ತು ಲೂಸಿಫೆರೇಸ್ ಎಂಬ ಕಿಣ್ವ ಸ್ವಾಬ್‌ನ (ಜಾಗ ಒರೆಸಿ ಸ್ಯಾಂಪಲ್ ತೆಗೆಯುವ ಕಡ್ಡಿಯ) ಕೊಳವೆಯೊಳಗೂ ಇರುತ್ತವೆ. ಎಟಿಪಿ ಸೇರಿದೊಡನೆ ಬೆಳಕು ಹುಟ್ಟುತ್ತದೆ. ಕೊಳೆ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು. ಮೀಟರ್ ಅದನ್ನು ಆರ್‌ಎಲ್‌ಯು ಎಂಬ ಬೆಳಕಿನ ಅಳತೆಯ ಲೆಕ್ಕದಲ್ಲಿ ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಅಂಕಿ ಮಿತಿಯೊಳಗಿದ್ದರೆ ಆ ಜಾಗ ಪಾಸ್.

ಹೆಚ್ಚಿನ ತಪ್ಪುಗಳು ಆಗುವುದು ಅಳೆಯುವ ಮೊದಲೇ. ಸ್ವಾಬ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನಲ್ಲಿ ಇಡುತ್ತೇವೆ. ಕನಿಷ್ಠ 10 ನಿಮಿಷ ಮೊದಲು ಹೊರಗೆ ತೆಗೆದಿಡದಿದ್ದರೆ ಕಿಣ್ವ ತಣ್ಣಗಿದ್ದು ನಿಧಾನವಾಗುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಕೊಳೆಯಿದ್ದ ಜಾಗ ಪಾಸ್ ಆಗಿಬಿಡುತ್ತದೆ. ಬಳಸದ ಸ್ವಾಬ್ ಒಂದನ್ನು ಹಾಗೇ ಓಡಿಸಿ ನೋಡುವುದೂ ಒಳ್ಳೆಯದು. ಅದು ಸೊನ್ನೆಯ ಹತ್ತಿರ ಬಾರದಿದ್ದರೆ ಮೀಟರಿನಲ್ಲಿ ಕೊಳವೆ ಇಡುವ ಕುಳಿಯಲ್ಲೇ ಏನೋ ಚೆಲ್ಲಿದೆ, ಇಲ್ಲವೇ ಸ್ವಾಬ್ ಕೆಟ್ಟಿದೆ.

ಬೆಡ್ಡಿನ ಪಕ್ಕದ ಮೇಜಿನಂಥ ಸಪಾಟು ಜಾಗದಲ್ಲಿ 10 ಸೆಂಟಿಮೀಟರ್ ಚೌಕ ಸಾಕು. ಕಡ್ಡಿ ತುಸು ಬಾಗುವಷ್ಟು ಒತ್ತಿ, ತುದಿಯನ್ನು ತಿರುಗಿಸುತ್ತಾ ಅಡ್ಡಡ್ಡ ಒರೆಸಬೇಕು, ಆಮೇಲೆ ಉದ್ದುದ್ದ. ಮೆಲ್ಲಗೆ ಸವರಿದರೆ ಬಯೋಫಿಲ್ಮ್ (ಬ್ಯಾಕ್ಟೀರಿಯಾ ಅಂಟಿಕೊಂಡು ಕಟ್ಟಿದ ತೆಳು ಪದರ) ಮೇಲೇಳುವುದಿಲ್ಲ. ರೇಲಿಂಗ್‌ನಲ್ಲಿ ಮೇಲ್ಭಾಗ ಬಿಟ್ಟು, ಬೆರಳು ಸುತ್ತಿ ಹಿಡಿಯುವ ಕೆಳಅಂಚನ್ನು ಒರೆಸುತ್ತೇವೆ, ಬಟ್ಟೆ ತಲುಪದ ಜಾಗ ಅದು. ಕಡ್ಡಿಗೆ ಬೆರಳು ತಾಗಬಾರದು, ಬೆರಳಲ್ಲೂ ಎಟಿಪಿ ಇದೆ. ಕೊಳವೆಗೆ ಮರಳಿಸಿ, ಮೇಲಿನ ತುದಿ ಮುರಿದು ದ್ರವ ಇಳಿಸಿ, ಐದಾರು ಸೆಕೆಂಡು ಅಲ್ಲಾಡಿಸಿ, ಮೀಟರನ್ನು ನೆಟ್ಟಗೆ ಹಿಡಿದು ಓದಬೇಕು. ಮಾತಾಡುತ್ತಾ ನಿಂತರೆ ಬೆಳಕು ಇಳಿಯುತ್ತಾ ಹೋಗುತ್ತದೆ.

ಅವತ್ತು ಮೇಜು ಪಾಸ್, ರೇಲಿಂಗ್ ಪಾಸ್, ಕಾಲ್ ಬೆಲ್ಲೂ ಪಾಸ್. ರಕ್ತನಾಳಕ್ಕೆ ಔಷಧಿ ಹರಿಸುವ ಇನ್ಫ್ಯೂಷನ್ ಪಂಪಿನ ಕೀಪ್ಯಾಡ್ ಮಾತ್ರ ಮಿತಿಯ ಹಲವು ಪಟ್ಟು ಮೇಲೆ ಹೋಯಿತು. ಬೆಳಕಿಗೆ ಓರೆಯಾಗಿ ಹಿಡಿದಾಗ ಗುಂಡಿಗಳ ಸುತ್ತ ಬೂದು ಗೆರೆ ಕಂಡಿತು: ಬೆರಳಿನ ಬೆವರು, ಗ್ಲೌಸಿನ ಪುಡಿ, ಒಣಗಿದ ಯಾವುದೋ ಹನಿ. ಒರೆಸಿದವರ ಸೋಮಾರಿತನವಲ್ಲ ಅದು. ಕರೆಂಟಿನ ಯಂತ್ರ ಮುಟ್ಟಬೇಡಿ ಎಂದು ಹೌಸ್‌ಕೀಪಿಂಗ್‌ನವರಿಗೆ ಹೇಳಿಕೊಟ್ಟಿರುತ್ತಾರೆ. ಅವರು ಒರೆಸಿರುತ್ತಾರೆ ಎಂದು ನರ್ಸ್‌ಗಳು ನಂಬಿರುತ್ತಾರೆ. ಯಾರ ಪಟ್ಟಿಯಲ್ಲೂ ಇಲ್ಲದ ಈ ವಸ್ತು ಐಸಿಯುನಲ್ಲಿ ಪದೇ ಪದೇ ಕೈ ಮುಟ್ಟುವ ವಸ್ತುಗಳಲ್ಲಿ ಒಂದು.

"ಸಿಸ್ಟರ್, ಇದನ್ನು ನೀವೇ ಒರೆಸಿಬಿಡಿ" ಎಂದು ಅಲ್ಲೇ ಹೇಳಿದೆವು. ಮೊದಲು ಡಿಟರ್ಜೆಂಟ್ ವೈಪ್‌ನಿಂದ ಜಿಡ್ಡು ತೆಗೆದು, ನಂತರ ಡಿಸ್‌ಇನ್ಫೆಕ್ಟೆಂಟ್ ವೈಪ್. ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಒರೆಸಿದ ತಕ್ಷಣ ಒಣಬಟ್ಟೆ ಹಾಕಿದರೆ ಔಷಧಿ ಕೆಲಸ ಮಾಡುವುದೇ ಇಲ್ಲ. ಪೂರ್ತಿ ಒಣಗಿದ ಮೇಲೆ ಎರಡನೇ ಸ್ವಾಬನ್ನು ಪಕ್ಕದ ಗುಂಡಿಗಳ ಮೇಲೆ ತೆಗೆಯುತ್ತೇವೆ. ಮೊದಲ ಜಾಗದ ಕೊಳೆಯನ್ನು ಮೊದಲ ಸ್ವಾಬೇ ಸ್ವಲ್ಪ ಎತ್ತಿರುತ್ತದೆ, ಅಲ್ಲೇ ಮತ್ತೆ ಒರೆಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಈ ಸಲ ಪಾಸ್ ಆಯಿತು.

ಮಿತಿಯ ಬಗ್ಗೆ ಒಂದು ಮಾತು. ಒಂದು ಮೀಟರಿಗೆ 100 ಆರ್‌ಎಲ್‌ಯು ಮಿತಿಯಾದರೆ ಇನ್ನೊಂದಕ್ಕೆ 250 ಇರಬಹುದು. ಎರಡು ಕಂಪನಿಗಳ ಅಂಕಿ ಹೋಲಿಸಿ ಈ ವಾರ್ಡು ಚೊಕ್ಕಟ, ಆ ವಾರ್ಡು ಕೊಳಕು ಎನ್ನುವುದರಲ್ಲಿ ಅರ್ಥವಿಲ್ಲ.

ಬ್ಲೀಚ್ ಇನ್ನೂ ದೊಡ್ಡ ಬಲೆ. ಶೌಚಾಲಯದ ಹಿಡಿಕೆಯಲ್ಲಿ ಬ್ಲೀಚ್ ಉಳಿದಿದ್ದರೆ ಅದು ಲೂಸಿಫೆರೇಸ್ ಅನ್ನೇ ಕೆಡಿಸುತ್ತದೆ. ಕೊಳೆ ಅಲ್ಲೇ ಇರುತ್ತದೆ, ಅಂಕಿ ಮಾತ್ರ ಸೊನ್ನೆ. ಬ್ಲೀಚ್ ಹಾಕಿದ ಜಾಗದಲ್ಲಿ ತೀರಾ ಕಡಿಮೆ ಅಂಕಿ ಬಂದರೆ ನಾವು ಖುಷಿಪಡುವುದಿಲ್ಲ, ಅನುಮಾನಪಡುತ್ತೇವೆ.

ಮೀಟರ್ ಬ್ಯಾಕ್ಟೀರಿಯಾವನ್ನು ಎಣಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಮನುಷ್ಯನ ಒಂದು ಜೀವಕೋಶದಲ್ಲಿ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಾಲು ಹೆಚ್ಚು ಎಟಿಪಿ ಇದೆ, ಹಾಗಾಗಿ ರಕ್ತದ ಒಂದು ಕಲೆ ಅಂಕಿಯನ್ನು ಸಾವಿರಗಳಿಗೆ ಏರಿಸಬಲ್ಲದು. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳಲ್ಲಿ (ಗಟ್ಟಿ ಕವಚದ ಸುಪ್ತ ರೂಪದಲ್ಲಿ) ಎಟಿಪಿ ಅತ್ಯಲ್ಪ, ವೈರಸ್‌ಗಳಲ್ಲಿ ಇಲ್ಲವೇ ಇಲ್ಲ. ಅಂಕಿ ಹೇಳುವುದು ಒರೆಸಿದ್ದು ಸರಿಯಾಯಿತೇ ಎಂಬುದನ್ನಷ್ಟೇ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಒಂದರ ಹಿಂದೆ ಬಿದ್ದಾಗ ಅದರ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಬೇಕು, ಕಲ್ಚರ್ ಬೇಕು. ಪಿಸಿಆರ್ ಒಂದೆರಡು ಗಂಟೆಯಲ್ಲೇ ಉತ್ತರ ಕೊಡಬಲ್ಲದು, ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಕಲ್ಚರ್ ಸ್ವಾಬ್‌ನಲ್ಲಿ ಡಿಸ್‌ಇನ್ಫೆಕ್ಟೆಂಟ್‌ನ ಶಕ್ತಿ ಕುಂದಿಸುವ ಲೆಸಿಥಿನ್, ಪಾಲಿಸಾರ್ಬೇಟ್ ಇರಬೇಕು, ಇಲ್ಲದಿದ್ದರೆ ಅಂಟಿಬಂದ ಡಿಸ್‌ಇನ್ಫೆಕ್ಟೆಂಟ್ ದಾರಿಯಲ್ಲೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ದಾಖಲೆಯಲ್ಲಿ ನಾವು ಬರೆಯುವುದು ಜಾಗ, ಸಮಯ, ಬಳಸಿದ ಔಷಧಿ, ಮೊದಲ ಮತ್ತು ಎರಡನೇ ಅಂಕಿ. ಒರೆಸಿದವರ ಹೆಸರು ಬರೆಯುವುದಿಲ್ಲ. ಹೆಸರು ಬಂದರೆ ಹೆದರಿಕೆ ಬರುತ್ತದೆ, ಆಮೇಲೆ ಸುಲಭದ ಜಾಗಗಳಿಂದಲೇ ಸ್ವಾಬ್ ತೆಗೆದು ಅಂಕಿಗಳನ್ನು ಚೆಂದ ಕಾಣಿಸುವುದು ಶುರುವಾಗುತ್ತದೆ. ಪಂಪಿನ ಕೀಪ್ಯಾಡನ್ನು ಅವತ್ತೇ ನರ್ಸ್‌ಗಳ ಪಟ್ಟಿಗೆ ಸೇರಿಸಿದೆವು. ಜೊತೆಗೆ ಮಾನಿಟರಿನ ಗುಂಡಿಗಳು, ವೆಂಟಿಲೇಟರಿನ ಟಚ್ ಸ್ಕ್ರೀನ್ ಮತ್ತು ಬಿಪಿ ಕಫ್.