ಜಾಗದ ಕಾಗದವನ್ನು ಮೊದಲು ಕೇಳಬೇಕು

ಕಾಸರಗೋಡು ಜಿಲ್ಲೆಯ ಗಡಿಭಾಗದ ಪಂಚಾಯತೊಂದರಲ್ಲಿ ಪರಿಶಿಷ್ಟ ಜಾತಿ ಪ್ರಮೋಟರ್ ಆಗಿ ಮೊಗೇರ, ಬಾಕುಡ ಎಂಬ ಪರಿಶಿಷ್ಟ ಸಮುದಾಯಗಳ ಮನೆಗಳಿಗೆ ಸರಕಾರಿ ಯೋಜನೆಗಳ ಅರ್ಜಿ ತುಂಬಿಸುವ ಕೆಲಸ ನನ್ನದು. ಇಂಥ ಮನೆಗಳ ಬಡತನ ಇಳಿದಿದೆ ಎನ್ನುತ್ತಾರೆ, ಅದು ನಿಜ. ಮನೆಯ ಖರ್ಚಿನಿಂದ ಬಡತನ ಅಳೆಯುವ ತೆಂಡುಲ್ಕರ್ ರೇಖೆಯ ಪ್ರಕಾರ ಗ್ರಾಮೀಣ ಭಾರತದ ಪರಿಶಿಷ್ಟ ಜಾತಿಗಳಲ್ಲಿ 2004-05ರಲ್ಲಿ ಶೇ. 53.5ರಷ್ಟಿದ್ದ ಬಡವರ ಪ್ರಮಾಣ 2011-12ಕ್ಕೆ ಶೇ. 31.5ಕ್ಕೆ ಇಳಿಯಿತು. ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಗಳನ್ನು ಎಣಿಸುವ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಂತೂ 2019-21ರಲ್ಲಿ ಇಡೀ ಕೇರಳದ ಬಡವರ ಪ್ರಮಾಣ ಶೇ. 0.55 ಮಾತ್ರ.

ಆದರೆ ಆ ಸೂಚ್ಯಂಕದ ಪ್ರಕಾರ ಮನೆಯಲ್ಲಿ ಒಬ್ಬರಾದರೂ ಆರು ವರ್ಷ ಶಾಲೆ ಕಲಿತಿದ್ದರೆ ಕಲಿಕೆಯ ವರ್ಷಗಳಲ್ಲಿ ಕೊರತೆಯಿಲ್ಲ, ಟಿ.ವಿ.ಯೂ ಫೋನೂ ಇದ್ದರೆ ಸೊತ್ತಿನ ಕೊರತೆಯಿಲ್ಲ. ಜಾಗ ಯಾರ ಹೆಸರಿನಲ್ಲಿದೆ, ಕೈಸಾಲ ಎಷ್ಟಿದೆ ಎಂಬ ಪ್ರಶ್ನೆ ಅದರ 12 ಸೂಚಕಗಳಲ್ಲಿ ಇಲ್ಲವೇ ಇಲ್ಲ.

ನಾನು ಹೋಗುವ ಒಂದು ಮನೆಗೆ ತಾರಸಿಯಿದೆ, ಕರೆಂಟಿದೆ, ಗ್ಯಾಸ್ ಒಲೆಯಿದೆ. ಹಿಂಬದಿಯಲ್ಲಿ ಟರ್ಪಾಲು ಇಳಿಬಿಟ್ಟು ಮದುವೆಯಾದ ಇಬ್ಬರು ಗಂಡುಮಕ್ಕಳು ಬೇರೆ ಬೇರೆ ಒಲೆ ಹೂಡಿದ್ದಾರೆ. ಹತ್ತು ಸೆಂಟ್ಸ್ ಜಾಗದ ಪಟ್ಟೆ (ಹಕ್ಕುಪತ್ರ) ಮಾತ್ರ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡಿಕೆ ತೋಟದ ಕೂಲಿ ನಿಂತಾಗ ಅಡವಿಡಲು ತಮ್ಮ ಹೆಸರಿನಲ್ಲಿ ಒಂದು ತುಂಡು ಭೂಮಿಯೂ ಇಲ್ಲದ ಇವರು ಮನೆಬಾಗಿಲಿಗೆ ಬರುವ ಬಡ್ಡಿಯವರನ್ನೇ ಆಶ್ರಯಿಸುತ್ತಾರೆ.

ಇದರ ಬೇರು ಹಳೆಯದು. 1970ರಲ್ಲಿ ಜಾರಿಗೆ ಬಂದ ಕೇರಳದ ಭೂಸುಧಾರಣೆಯಲ್ಲಿ ಸಾಗುವಳಿಯ ಭೂಮಿ ಒಕ್ಕಲುಗಳಿಗೆ ಸಿಕ್ಕಿತು. ದುಡಿದವರಾದರೂ ಒಕ್ಕಲುಗಳೆಂದು ದಾಖಲಾಗದ ದಲಿತ ಕುಟುಂಬಗಳಿಗೆ ದಕ್ಕಿದ್ದು ಹೆಚ್ಚೆಂದರೆ ಗುಡಿಸಲು ನಿಂತ ಜಾಗ, ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸ್. ಮೂರನೆಯ ತಲೆಮಾರು ಅದರೊಳಗೇ ಪಾಲು ಮಾಡಿಕೊಳ್ಳಬೇಕಾಗಿದೆ. ಮನೆಗೆ ಅನುದಾನ ಕೊಟ್ಟು ಜಾಗದ ಮಾತೆತ್ತದ ಯೋಜನೆ ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ.

ಹಾಗಾಗಿ ಈಗ ನಾನು ಆದಾಯದ ಕಾಲಮಿಗಿಂತ ಮೊದಲು ಪಟ್ಟೆ, ತೀರ್ವೆ (ಭೂಕಂದಾಯ) ರಶೀದಿ ಕೇಳುತ್ತೇನೆ, ಒಲೆಗಳೆಷ್ಟು ಎಂದು ವಿಚಾರಿಸುತ್ತೇನೆ. ಕಾಗದಗಳು ಮಲಯಾಳದಲ್ಲಿರುವುದರಿಂದ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಓದಿ ಹೇಳಿ, ವಾರಸುದಾರರ ಹೆಸರಿಗೆ ಬದಲಾಯಿಸುವ ಅರ್ಜಿಯನ್ನು ಅಲ್ಲಿಯೇ ಬರೆಯಿಸಿ, ಟರ್ಪಾಲಿನಡಿಯ ಕುಟುಂಬಗಳನ್ನು ಭೂರಹಿತರ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಬೇಕೆಂದು ಗ್ರಾಮಸಭೆಯಲ್ಲಿ ಒತ್ತಾಯಿಸುತ್ತೇನೆ.