ರಾಗಿ ಬಾಡಿದಾಗ ಕಾಣುವ ಹಾಳೂರು

ಮಂಡ್ಯ ಅಂದ ಕೂಡಲೇ ಕಣ್ಣಿಗೆ ಬರುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಬ್ಬು, ಭತ್ತ. ನೆಲದಡಿ ಹೂತ ಗೋಡೆ, ಕಂದಕದ ಗುರುತು ಮೇಲಿನ ಪೈರು ಬಾಡುವ ರೀತಿಯಲ್ಲಿ ಕಾಣುತ್ತದೆ; ಹಾಗೆ ಹಳೇ ಕುರುಹು ಹುಡುಕುವವರಿಗೆ ಆ ಹಸಿರು ದಂಡ. ಗದ್ದೆಯಲ್ಲಿ ನೀರು ನಿಂತಿರುವಾಗ ಯಾವ ಬೇರಿಗೂ ಬಾಯಾರಿಕೆ ಇಲ್ಲ. ಬೇಕಿರುವುದು ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆಯ ಕೆಂಪು ಮಣ್ಣಿನ ಖುಷ್ಕಿ ರಾಗಿ ಹೊಲ, ಅದೂ ಮಳೆ ಕೈಕೊಟ್ಟಾಗ.

ಮುಚ್ಚಿಹೋದ ಕಂದಕದಲ್ಲಿ ಸಡಿಲ ಮಣ್ಣು ಆಳದವರೆಗೂ ಇರುತ್ತದೆ, ತೇವ ಹಿಡಿಯುತ್ತದೆ. ಅದರ ಮೇಲಿನ ಪೈರು ಎತ್ತರ, ಕಡುಹಸಿರು, ತೆಂಡೆ (ಬುಡದ ಕವಲು) ಜಾಸ್ತಿ. ಕಲ್ಲಿನ ತಳಪಾಯದ ಮೇಲೆ ಒಂದು ಗೇಣು ಮಣ್ಣಿದ್ದರೆ ಪೈರು ಕುಳ್ಳು, ಬೇಗ ಹಳದಿ. ಹಳೇ ಮಣ್ಣಿನ ಕೋಟೆಯಾದರೆ ಎರಡೂ ಜೊತೆಗೇ ಬರುತ್ತವೆ: ಹೊರಗೆ ಕಂದಕದ ಹಸಿರು ಪಟ್ಟಿ, ಒಳಗೆ ಗೋಡೆಯ ಮಂಕು ಪಟ್ಟಿ.

ಜುಲೈನಲ್ಲಿ ಬಿತ್ತಿದ ಹೊಲದಲ್ಲಿ ಮಖೆ, ಹುಬ್ಬೆ ಮಳೆ ತಪ್ಪಿ ಎರಡು ವಾರ ಒಣಗಿದರೆ ಅದೇ ಸಮಯ. ಗೋಡೆಯ ಮೇಲಿನ ಗರಿಗಳು ಬೆಳಿಗ್ಗೆ 11ಕ್ಕೇ ಸುರುಳಿ ಸುತ್ತಿಕೊಂಡು ಸೂಜಿಯಂತಾಗುತ್ತವೆ. ನಾಲ್ಕು ಹೆಜ್ಜೆ ಆಚೆ, ಕಂದಕದ ಮೇಲೆ, ಮಧ್ಯಾಹ್ನ 3ರವರೆಗೂ ಚಪ್ಪಟೆಯಾಗಿಯೇ ಇರುತ್ತವೆ. ಒಂದು ಹದ ಮಳೆ ಬಿದ್ದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಎತ್ತರದ ವ್ಯತ್ಯಾಸ ಮಾತ್ರ ಕೊಯ್ಲಿನವರೆಗೆ ಉಳಿಯುತ್ತದೆ, ಅದನ್ನು ಎಳೆ ಬಿಸಿಲಿನ ನೆರಳಲ್ಲಿ ನೋಡಬೇಕು.

ನಮ್ಮ ಸೀಮೆಯ ಅತ್ಯುತ್ತಮ ಗುರುತು ಕೋಟೆಯದ್ದಲ್ಲ, ಹಗೇವಿನದು. ನೆಲದಡಿ ರಾಗಿ ತುಂಬಿಡುತ್ತಿದ್ದ ಈ ಗುಂಡಿಗಳಿಗೆ ಬಾಯಿ ಕಿರಿದು, ಹೊಟ್ಟೆ ಅಗಲ. ಊರು ಬಿಟ್ಟ ಮೇಲೆ ಬಾಯಿ ಕುಸಿದು, ಬೂದಿ ಗೊಬ್ಬರ ಬೆರೆತ ಮಣ್ಣು ತುಂಬಿಕೊಳ್ಳುತ್ತದೆ. ಹೊಲದ ಒಂದು ಮೂಲೆಯಲ್ಲಿ ಲೆಕ್ಕವಿಲ್ಲದೆ ಚೆಲ್ಲಿದಂತೆ ದುಂಡು ಹಸಿರು ಚುಕ್ಕೆಗಳು ಕಂಡರೆ, ಕಂದಾಯ ದಾಖಲೆಯಲ್ಲಿ ಅಲ್ಲೊಂದು ಬೇಚರಾಕ್ (ಜನವಸತಿ ಇಲ್ಲದ) ಗ್ರಾಮ ಇದೆಯೇ ನೋಡಿ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿ ಮುಚ್ಚಿದ್ದರೆ ಅದೂ ದುಂಡಗೇ ಇರುತ್ತದೆ, ಆದರೆ ಎತ್ತು ಇಳಿಯುತ್ತಿದ್ದ ಇಳಿಜಾರು ಒಂದು ಪಕ್ಕಕ್ಕೆ ಬಾಲದಂತೆ ಚಾಚಿರುತ್ತದೆ.

ಮೋಸ ಹೋಗುವುದು ಇಲ್ಲೇ. ಗೊಬ್ಬರದ ಗಾಡಿ ಸುರಿದ ಗುಡ್ಡೆಗಳ ಜಾಗವೂ ಹಸಿರು ಚುಕ್ಕೆಯೇ. ಅದು ಸಾಲಾಗಿ, ಸಮ ಅಂತರದಲ್ಲಿರುತ್ತದೆ, ಒಂದೆರಡು ವರ್ಷಕ್ಕೆ ಮಾಯ. ಕುರಿಮಂದೆ ಕಟ್ಟಿಸಿದ ಕಡೆ ಅಚ್ಚುಕಟ್ಟಾದ ಚೌಕ. ಕೆರೆ ಗೋಡು (ಹೂಳು) ಹೊಡೆಸಿದ್ದರೆ ಕಪ್ಪು ತೇಪೆ. ಹಳೇ ಕಣ ತುಳಿದು ಗಟ್ಟಿಯಾಗಿ ದುಂಡು ಬೋಳು. ಆಲೆಮನೆ ಒಲೆ ಇದ್ದಲ್ಲಿ ಸುಟ್ಟ ಮಣ್ಣು, ಬೂದಿ. ನೇರ ಗೆರೆ ಬೋರ್‌ವೆಲ್ಲಿಗೆ ಹೋಗಿ ಮುಗಿದರೆ ಅದು ಪೈಪ್‌ಲೈನು, ಇನ್ನೇನೂ ಅಲ್ಲ. ರಾಗಿ ನಡುವೆ ಹಾಕುವ ಅವರೆಯ ಅಕ್ಕಡಿ ಸಾಲನ್ನು ಗೋಡೆ ಎಂದುಕೊಳ್ಳುವವರೂ ಇದ್ದಾರೆ! ಹೊಲದ ಯಜಮಾನರನ್ನು ಒಂದು ಮಾತು ಕೇಳಿದರೆ ಇದರಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತದೆ.

ಮನೆಯಲ್ಲೇ ಶುರು ಮಾಡುವುದಾದರೆ ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳಿಗೆ ಹೋಗಿ, 2023ರಂಥ ಬರದ ವರ್ಷದ ಚಿತ್ರ ಸಿಕ್ಕರೆ ಹಸನಾದ ವರ್ಷದ್ದರ ಪಕ್ಕ ಇಟ್ಟು ನೋಡಿ. ಎರಡು ಬೇರೆ ಬೇರೆ ವರ್ಷ ಒಂದೇ ಜಾಗದಲ್ಲಿ ಕಾಣಿಸದ ಗುರುತನ್ನು ನಂಬಬೇಡಿ. ಸೆಂಟಿನೆಲ್-2 ಉಪಗ್ರಹದ ಚಿತ್ರ ಬಿಟ್ಟಿ ಸಿಗುತ್ತದೆ, 5 ದಿನಕ್ಕೊಮ್ಮೆ ಬರುತ್ತದೆ, ಆದರೆ ಅದರ ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್. ಹೂಳು ತುಂಬಿದ ಕೆರೆಯಂಗಳಕ್ಕೆ, ದಿಕ್ಕು ಬದಲಿಸಿದ ಹಳ್ಳಕ್ಕೆ ಸಾಕು. ಹಗೇವು ಅದರಲ್ಲಿ ಕಾಣದು.

ಡ್ರೋನ್ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಅದು ಹಸಿರು ವಲಯವೇ ಎಂದು ನೋಡಿ. 60 ಮೀಟರ್ ಎತ್ತರದಿಂದ ನೇರ ಕೆಳಕ್ಕೊಂದು ಸುತ್ತು, ಓರೆಯಾಗಿ ಒಂದು ಸುತ್ತು ತೆಗೆಯಿರಿ. ನೆಲದ ಮೇಲೆ ಗುರುತಿನ ಒಳಗೆ 10, ಹೊರಗೆ 10 ಪೈರು ಅಳೆದು ಸರಾಸರಿ ಬರೆದುಕೊಳ್ಳಿ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುತ್ತದೆ, ಆದ್ದರಿಂದ ಬಾಂದು ಕಲ್ಲಿನಿಂದ (ಹೊಲದ ಗಡಿಗಲ್ಲು) ಟೇಪು ಹಿಡಿಯಿರಿ. ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ಇದೆ. ಕೊಯ್ಲಾಗಿ ಉತ್ತ ಮೇಲೆ ಬನ್ನಿ: ಬೋಕಿ (ಒಡೆದ ಮಡಕೆ) ಚೂರು, ಕಬ್ಬಿಣದ ಕಿಟ್ಟ ಗುರುತಿನ ಮೇಲೆಯೇ ದಟ್ಟವಾಗಿದ್ದರೆ ಊಹೆಗೆ ಬಲ ಬಂತು.

ಹಾರೆ, ಸಲಾಕೆ ತರಲೇಬೇಡಿ. ನಿಧಿ ತೆಗೆಯಲು ಬಂದವರೆಂದು ಊರೇ ಸೇರುತ್ತದೆ, ಅವರ ಅನುಮಾನ ತಪ್ಪೂ ಅಲ್ಲ. ಸರ್ವೆ ನಂಬರ್, ಫೋಟೊ, ಅಳತೆ ಮೂರನ್ನೂ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಕೊಡಿ. ಫೇಸ್‌ಬುಕ್ಕಿನಲ್ಲಿ ಲೊಕೇಶನ್ ಹಾಕಿದರೆ ಮುಂದಿನ ಅಮಾವಾಸ್ಯೆಯೊಳಗೆ ಅಲ್ಲಿ ಗುಂಡಿ ಬಿದ್ದಿರುತ್ತದೆ.