ಸೇಂಟ್ ಹೆಲೆನ್ಸ್‌ಗೆ ಹೋದರೆ ಕಾಲ ಬುಡದಲ್ಲೂ ನೋಡಿ

ಊರಿಂದ ಅಪ್ಪ, ಅಮ್ಮ ಬಂದಿದ್ದಾಗ ಜುಲೈನ ಒಂದು ಶನಿವಾರ ಅವರನ್ನು ಸಿಯಾಟಲ್‌ನಿಂದ ಮೌಂಟ್ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ನೀವೂ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. ಐ-5 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು ಎರಡು ಗಂಟೆ ಹೋದರೆ ಕ್ಯಾಸಲ್ ರಾಕ್; ಪೆಟ್ರೋಲ್ ಅಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ 504ನೇ ರಸ್ತೆಯಲ್ಲಿ ಇನ್ನೊಂದು ಗಂಟೆ. ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಊಟಕ್ಕೆ ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದೆವು.

2023ರ ಮೇ ತಿಂಗಳಲ್ಲಿ ಮಣ್ಣು ಕುಸಿದು ಸೇತುವೆಯೊಂದು ಹಾಳಾದ ಮೇಲೆ ಇದೇ ರಸ್ತೆಯ ಕೊನೆಯಲ್ಲಿರುವ ಜಾನ್‌ಸ್ಟನ್ ರಿಡ್ಜ್ ವೀಕ್ಷಣಾಲಯದ ದಾರಿ ಮುಚ್ಚಿತು. ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸಿ. ನಾವು ಕೋಲ್ಡ್‌ವಾಟರ್ ಕೆರೆಯವರೆಗೆ ಮಾತ್ರ ಹೋದೆವು, ಒಂದು ದಿನಕ್ಕೆ ಅದೇ ಧಾರಾಳವಾಯಿತು.

ಆ ಕೆರೆಗೆ ಅಪ್ಪನಿಗಿಂತ ಕಡಿಮೆ ವಯಸ್ಸು! 1980ರ ಮೇ 18ರ ಬೆಳಿಗ್ಗೆ 8:32ಕ್ಕೆ ಭೂಮಿ ನಡುಗಿ ಬೆಟ್ಟದ ಉತ್ತರದ ಮೈ ಪೂರ್ತಿ ಜಾರಿ, ಜ್ವಾಲಾಮುಖಿ ಸಿಡಿಯಿತು. ಜಾರಿದ ಮಣ್ಣು ಹಳ್ಳಕ್ಕೆ ಅಡ್ಡ ಬಿದ್ದು ನಿಂತ ನೀರೇ ಕೋಲ್ಡ್‌ವಾಟರ್. ಅಂದು 57 ಜನ ತೀರಿಕೊಂಡರು. ಸುಮಾರು 600 ಚದರ ಕಿಲೋಮೀಟರ್ ಕಾಡು ಬಿಸಿಗಾಳಿಗೆ ನೆಲಕಚ್ಚಿತು.

ಕೆರೆಯ ಹತ್ತಿರವೇ ಹಮ್ಮಕ್ಸ್ ಕಾಲುದಾರಿ ಇದೆ, ಸುತ್ತಿ ಬರಲು ನಾಲ್ಕು ಕಿಲೋಮೀಟರ್. ವಯಸ್ಸಾದವರೂ ನಿಧಾನವಾಗಿ ನಡೆಯಬಹುದು. ಎರಡೂ ಕಡೆ ಕಾಣುವ ದಿಬ್ಬಗಳು ಜಾರಿಬಂದ ಬೆಟ್ಟದ್ದೇ ತುಂಡುಗಳು. ಎಲ್ಲರೂ ದೂರದ ಕುಳಿಯ ಫೋಟೋ ತೆಗೆಯುತ್ತಾ ಮುಂದೆ ಹೋಗುತ್ತಿದ್ದರು. ಅಪ್ಪ ಬೇಸಾಯಗಾರ, ಅವರ ಕಣ್ಣು ಮಣ್ಣಿನ ಮೇಲಿತ್ತು. ದಾರಿಯಂಚಿನ ನೇರಳೆ ಹೂವಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳು ಬಿಡಿಸಿದ ಅಂಗೈಯಂಥ ಎಲೆ, ನಡುವೆ ಒಂದೇ ಒಂದು ಇಬ್ಬನಿ ಹನಿ. "ಇದು ನಮ್ಮ ಅವರೆ, ಹುರುಳಿ ಕುಲದ್ದೇ ಕಣೋ, ಬೇರಲ್ಲಿ ಗಂಟಿರ್ತವೆ" ಅಂತ ಕೀಳಲು ಕೈ ಚಾಚಿದರು. ತಡೆದೆ, ಅಲ್ಲಿ ಗಿಡ ಕೀಳುವಂತಿಲ್ಲ, ದಾರಿ ಬಿಟ್ಟು ಇಳಿಯಲೂಬಾರದು.

ಅಪ್ಪ ಹೇಳಿದ್ದು ನಿಜ. ಅದು ಲೂಪಿನ್. ಸತ್ವವಿಲ್ಲದ ಜ್ವಾಲಾಮುಖಿ ಉಗುಳಿದ ಬೂದಿ, ಕಲ್ಲಿನ ಬಯಲಲ್ಲಿ ಮೊದಲು ನೆಲೆಯೂರಿದ್ದು ಈ ಜಾತಿಯ ಗಿಡವೇ. ಗಾಳಿಯ ಸಾರಜನಕ ಹಿಡಿದು, ತಾನು ಸತ್ತ ಮೇಲೆ ನೆಲಕ್ಕೆ ಗೊಬ್ಬರವಾಗುತ್ತದೆ. ನಮ್ಮ ಗದ್ದೆಯಲ್ಲಿ ಅಪ್ಸೆಣಬು ಮಾಡುವ ಕೆಲಸ ಇದೇ. 1980ರ ಆ ದಿನ ಬಿಲದೊಳಗಿದ್ದ ಗೋಫರ್ ಎಂಬ ಪುಟ್ಟ ಪ್ರಾಣಿಗಳಲ್ಲೂ ಹಲವು ಬದುಕಿದ್ದವು. ಅವು ಬಿಲ ತೋಡುತ್ತಾ ಹಳೆಯ ಮಣ್ಣನ್ನು, ಅದರಲ್ಲಿದ್ದ ಶಿಲೀಂಧ್ರಗಳನ್ನು ಬೂದಿಯ ಮೇಲಕ್ಕೆ ತಂದವು. ಹಿಮ ಇನ್ನೂ ಕರಗದಿದ್ದ ಕಡೆ ಅದರಡಿಯ ಎಳೆ ಮರಗಳೂ ಉಳಿದವು. ಇದನ್ನು ತಿಳಿದೇ ಹೋಗಿ. ಇಲ್ಲದಿದ್ದರೆ ಬರೀ ಪೊದೆ, ಕಲ್ಲು ಅನ್ನಿಸಿಬಿಡುತ್ತದೆ.

ಹಿಂದಿರುಗುವಾಗ ರಸ್ತೆಯ ಪಕ್ಕದ ಮರಗಳನ್ನು ಗಮನಿಸಿ. 1982ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದ ಜಾಗವನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಟ್ಟರು. ಅದರ ಹೊರಗೆ ಮರದ ಕಂಪನಿ 1 ಕೋಟಿ 80 ಲಕ್ಷ ಸಸಿ ನೆಟ್ಟಿತು. ಅಲ್ಲಿ ಒಂದೇ ಎತ್ತರದ ದಟ್ಟ ಫರ್ ಮರಗಳು. ಮೇಲೆ ಸ್ಮಾರಕದ ಒಳಗೆ ಆಲ್ಡರ್, ವಿಲೋ ಗಿಡಗಳು, ಹುಲ್ಲು, ನಡುನಡುವೆ ಬೋಳು ನೆಲ. ನನಗೆ ಮೇಲಿನದ್ದೇ ಹೆಚ್ಚು ಹಿಡಿಸಿತು. ಹಕ್ಕಿಗಳ ಸದ್ದೂ ನಮಗೆ ಅಲ್ಲೇ ಜಾಸ್ತಿ ಕೇಳಿಸಿತು.

ಏಪ್ ಕೇವ್ ಗುಹೆಯನ್ನು ಇದೇ ದಿನಕ್ಕೆ ಸೇರಿಸಬೇಡಿ. ಅದು ಬೆಟ್ಟದ ದಕ್ಷಿಣ ಬದಿಯಲ್ಲಿದೆ, ದಾರಿಯೇ ಬೇರೆ.